ಲಸಿಕೆ ಪೆಟ್ಟಿಗೆಯ ಹಿಂದೆ ನಾಲ್ಕು ದಿನ

ನನ್ನ ಚಿಕ್ಕಮ್ಮನ ಮಗಳು ಚಾಮರಾಜನಗರ ಜಿಲ್ಲೆಯಲ್ಲಿ ನರ್ಸ್. ಆಸ್ಪತ್ರೆ ಒಳಗೆ ಕೂರುವ ನರ್ಸ್ ಅಲ್ಲ, ಊರೂರು ತಿರುಗುವ ನರ್ಸ್. ಸರ್ಕಾರ ಈಗ ಅವಳ ಹುದ್ದೆಗೆ 'ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ' ಅಂತ ಉದ್ದದ ಹೆಸರಿಟ್ಟಿದೆ. ಊರಿನವರಿಗೆ ಅವಳು ಇವತ್ತಿಗೂ ನರ್ಸಮ್ಮ.

ಒಂದು ಯುಗಾದಿ ದಿನ ಊಟಕ್ಕೆ ಕೂತಾಗ ನಾನು ಸುಮ್ನೆ ಒಂದು ಮಾತು ಆಡಿದ್ದೆ. 'ಈಗ ಎಲ್ಲ ಕಡೆ ಸರ್ಕಾರಿ ಆಸ್ಪತ್ರೆ ಇದೆ, ಔಷಧಿ ಫ್ರೀ. ಜನಾನೇ ಹೋಗಲ್ಲ' ಅಂತ. ಅವಳು ಅವತ್ತು ಏನೂ ಅನ್ನಲಿಲ್ಲ. ಆಮೇಲೆ ಸಿಕ್ಕಾಗಲೆಲ್ಲ 'ಅಣ್ಣ, ನನ್ನ ಏರಿಯಾಗೆ ಯಾವಾಗ ಬರ್ತೀಯ?' ಅಂತ ಶುರು ಮಾಡಿದಳು. 2024ರ ಡಿಸೆಂಬರ್‌ನಲ್ಲಿ ನಾಲ್ಕು ದಿನ ರಜೆ ಸಿಕ್ಕಿತು. ಫೋನ್ ಮಾಡಿದೆ. 'ನೇರ ನನ್ನ ಹತ್ರ ಬರಬೇಡ. ಮೊದಲು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗು. ಹೇಗಿರಬೇಕು ಅಂತ ಅಲ್ಲಿ ನೋಡು, ಹೇಗಿದೆ ಅಂತ ಇಲ್ಲಿ ನೋಡುವೆಯಂತೆ' ಅಂದಳು.

ಮಂಗಳವಾರ, ಡಿಸೆಂಬರ್ 17

ಮೈಸೂರಿನಿಂದ ಚಾಮರಾಜನಗರದ ಮೇಲೆ ಯಳಂದೂರಿಗೆ ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಒಳಗೆ ಆಸ್ಪತ್ರೆ ಚೀಟಿ, ಖಾಲಿ ಮಾತ್ರೆ ಹಾಳೆ, ಮೇಲೊಂದು ಆಧಾರ್ ಕಾರ್ಡು. ಕಂಡಕ್ಟರ್ ಬಂದಾಗ ಆಧಾರ್ ತೋರಿಸಿ ಶೂನ್ಯದ ಟಿಕೆಟ್ ಇಸಿದುಕೊಂಡರು. ಸಕ್ಕರೆ ಕಾಯಿಲೆಗೆ ಮಾತ್ರೆ ತರಲು ತಿಂಗಳಿಗೊಮ್ಮೆ ಹೋಗುತ್ತಾರಂತೆ.

'ಮೊದಲೆಲ್ಲ ಯಜಮಾನ್ರ ಹತ್ರ ಬಸ್ ಚಾರ್ಜ್ ಕೇಳಬೇಕಿತ್ತು. ಅವ್ರು ಇವತ್ತು ನಾಳೆ ಅಂತಿದ್ರು' ಅಂದರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಕೇಳುವುದೇ ಬಿಟ್ಟರಂತೆ. 'ಯಜಮಾನ್ರಿಗೆ ಏನೂ ಕಾಯಿಲೆ ಇಲ್ವಾ?' ಅಂದೆ. 'ಅವ್ರಿಗೂ ಬಿಪಿ ಅದ. ಅವ್ರಿಗ ಟಿಕೆಟ್ ಫ್ರೀ ಇಲ್ವಲ್ಲ, ಅದ್ಕ ಬರಲ್ಲ' ಅಂತ ನಕ್ಕರು. ಶಕ್ತಿ ಯೋಜನೆ ಬಗ್ಗೆ ಟಿವಿಯಲ್ಲಿ ಎಷ್ಟೊಂದು ಜಗಳ ಕೇಳಿದ್ದೆ. ಅದು ಬಿಪಿ, ಶುಗರ್ ಲೆಕ್ಕಕ್ಕೂ ಬರುತ್ತದೆ ಅಂತ ಯಾರೂ ಹೇಳಿದ್ದು ನೆನಪಿಲ್ಲ.

ಯಳಂದೂರಿನಿಂದ ಬೆಟ್ಟದ ಬಸ್ಸು. ದಾರಿಯಲ್ಲೇ ಗುಂಬಳ್ಳಿ ಸಿಗುತ್ತದೆ. ನೋಡಲು ಸಾಧಾರಣ ಊರು. ಆದರೆ ಆರೋಗ್ಯ ಇಲಾಖೆಯ ಹಳಬರಿಗೆಲ್ಲ ಗೊತ್ತಿರುವ ಹೆಸರು. ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ 1996ರಲ್ಲಿ ಕರುಣಾ ಟ್ರಸ್ಟ್‌ಗೆ ನಡೆಸಲು ಕೊಟ್ಟಿತು. ಟ್ರಸ್ಟ್ ಹುಟ್ಟಿದ್ದು 1986ರಲ್ಲಿ, ಈ ತಾಲೂಕಿನಲ್ಲಿ ವಿಪರೀತವಿದ್ದ ಕುಷ್ಠರೋಗದ ವಿರುದ್ಧ ಕೆಲಸ ಮಾಡಲು. ಇದರ ಹಿಂದೆ ಇದ್ದವರು ಡಾ. ಎಚ್. ಸುದರ್ಶನ್. ಅದಕ್ಕೂ ಮೊದಲು, 1981ರಲ್ಲಿ, ಬೆಟ್ಟದ ಮೇಲೆ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದ್ದವರೂ ಅವರೇ.

ಬೆಟ್ಟ ತಲುಪಿದಾಗ ಮಂಜು ಇಳಿಯುತ್ತಿತ್ತು. ರಂಗನಾಥನ ಗುಡಿಯಲ್ಲಿ ಆ ದೊಡ್ಡ ಚರ್ಮದ ಚಪ್ಪಲಿ ನೋಡಿದೆ. ದೇವರು ರಾತ್ರಿ ಕಾಡು ತಿರುಗುತ್ತಾನೆ, ಚಪ್ಪಲಿ ಸವೆಯುತ್ತದೆ, ಹೊಸದು ಮಾಡಿಸಬೇಕು ಅಂತ ನಂಬಿಕೆ. ಸೋಲಿಗರಿಗೆ ರಂಗನಾಥ ಭಾವ, ಅವರ ಮನೆಯ ಹೆಣ್ಣು ತಂದವನು. ಊರೂರು ತಿರುಗಿ ಚಪ್ಪಲಿ ಸವೆಸುವವರು ಅಂದ ಕೂಡಲೇ ನನಗೆ ತಂಗಿ ನೆನಪಾದಳು. ಅವಳಿಗೆ ಹೊಸ ಚಪ್ಪಲಿ ಯಾರೂ ಮಾಡಿಸಿಕೊಡಲ್ಲ, ಅದು ಬೇರೆ.

ಬುಧವಾರ, ಡಿಸೆಂಬರ್ 18

ಬೆಳಿಗ್ಗೆ ತಂಗಿಯ ಪರಿಚಯದ ಸೋಲಿಗರ ಹುಡುಗನೊಬ್ಬ ಬಂದ. ಆರೋಗ್ಯದ ಕೆಲಸ ಮಾಡುತ್ತಾನೆ. ಅವನ ಜೊತೆ ಒಂದು ಪೋಡಿಗೆ ನಡೆದೆವು. ಸೋಲಿಗರ ಹಟ್ಟಿಗೆ ಪೋಡು ಅನ್ನುತ್ತಾರೆ. ದಾರಿಯ ಎರಡೂ ಕಡೆ ಲಂಟಾನ ಎದೆಮಟ್ಟ ಬೆಳೆದಿತ್ತು.

ಪೋಡಿನ ಮೊದಲ ಮನೆ ಮುಂದೆ ಬಿಸಿಲಿಗೆ ಒಬ್ಬಳು ಹುಡುಗಿ ಕಂಬಳಿ ಹೊದ್ದು ಕೂತಿದ್ದಳು. ಹದಿನಾಲ್ಕೋ ಹದಿನೈದೋ ವಯಸ್ಸು. ಎರಡು ಮೊಣಕಾಲನ್ನೂ ಕೈಯಲ್ಲಿ ಅವುಚಿಕೊಂಡಿದ್ದಳು. ಹುಡುಗ ಹತ್ತಿರ ಕೂತು 'ನೀರ್ ಕುಡ್ದ್ಯಾ?' ಅಂತ ಕೇಳಿದ. ಅವಳು ಚೊಂಬು ತೋರಿಸಿದಳು. 'ಇನ್ನೂ ಕುಡಿ' ಅಂದ. ಜ್ವರ ನೋಡಿದ. ಕಣ್ಣ ರೆಪ್ಪೆ ಎಳೆದು ನೋಡಿದ. ನೋವು ಹೇಗಿದೆ ಅಂತ ನಾನು ಕೇಳಿದೆ. 'ಮೂಳೆ ಒಳಗ ಕೂತು ಯಾರೋ ಕುಟ್ಟದಂಗ' ಅಂದಳು.

ಇದು ಸಿಕಲ್ ಸೆಲ್ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ. ಆಗ ಈ ನೋವು. ಚಳಿ ಜಾಸ್ತಿಯಾದರೆ, ಮೈಯಲ್ಲಿ ನೀರು ಕಡಿಮೆಯಾದರೆ ಬೇಗ ಬರುತ್ತದೆ. ಡಿಸೆಂಬರ್‌ನಲ್ಲಿ ಬೆಟ್ಟದ ಚಳಿ ಹೇಗಿರುತ್ತದೆ ಅಂತ ಹಿಂದಿನ ರಾತ್ರಿ ಎರಡು ಕಂಬಳಿ ಹೊದ್ದ ನನಗೆ ಗೊತ್ತಿತ್ತು. ಈ ಗುಣ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪಾಲು ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಪಾಲು ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಇಲ್ಲ, ಮೇಲಾಗಿ ಮಲೇರಿಯಾ ಅವರನ್ನು ಅಷ್ಟು ಸುಲಭಕ್ಕೆ ಕೊಲ್ಲುವುದಿಲ್ಲ. ಮಲೇರಿಯಾ ಇದ್ದ ಕಾಡುಗಳ ಜನರಲ್ಲಿ ಇದು ತಲೆಮಾರುಗಟ್ಟಲೆ ಉಳಿದುಕೊಂಡು ಬಂದದ್ದು ಹೀಗೆ.

ಹೈಡ್ರಾಕ್ಸಿಯೂರಿಯಾ ಅನ್ನುವ ಔಷಧಿ ದಿನಾ ತಗೊಂಡರೆ ನೋವಿನ ಸರದಿ ಕಡಿಮೆಯಾಗುತ್ತದೆ. ಆದರೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅಂದರೆ ಮತ್ತೆ ಬಸ್ಸು, ಮತ್ತೆ ಒಂದು ದಿನದ ಕೂಲಿ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು, 2047ರೊಳಗೆ ಕಾಯಿಲೆಯನ್ನು ಇಲ್ಲವಾಗಿಸುವ ಗುರಿ. ಪರೀಕ್ಷೆ ಆದವರಿಗೆ ಒಂದು ಕಾರ್ಡ್ ಕೊಡುತ್ತಾರೆ. 'ನಮ್ಮಲ್ಲಿ ಮದುವೆಗೆ ಮೊದಲು ಕುಲ ನೋಡ್ತಿದ್ರು ಸಾರ್, ಒಂದೇ ಕುಲದಲ್ಲಿ ಆಗಂಗಿಲ್ಲ. ಈಗ ಕಾರ್ಡೂ ನೋಡಿ ಅಂತೀವಿ' ಅಂದ ಹುಡುಗ. ಕೇಳುತ್ತಾರಾ? 'ಲವ್ ಮಾಡಿದವ್ರು ಕುಲಾನೇ ಕೇಳಲ್ಲ, ಕಾರ್ಡ್ ಎಲ್ಲಿ ಕೇಳ್ತಾರೆ' ಅಂದು ನಕ್ಕ.

ಆ ಹುಡುಗಿಯ ಮನೆಯಿಂದ ಬೆಟ್ಟದ ಆಸ್ಪತ್ರೆಗೆ ನಡೆದೇ ಹೋಗಬಹುದು. ಅವಳ ಕಾಯಿಲೆಯ ಹೆಸರು ಅವಳ ಅಮ್ಮನಿಗೆ ಗೊತ್ತು. ನೋವು ಬಂದರೆ ಮೊದಲು ಏನು ಮಾಡಬೇಕು, ಯಾವಾಗ ಹೊರಡಬೇಕು ಅಂತಲೂ ಗೊತ್ತು. ಮೊದಲು ಇದನ್ನು ಗಾಳಿ ಸೋಕು ಅಂದುಕೊಂಡು ಮಕ್ಕಳನ್ನು ಮಣ್ಣು ಮಾಡಿದವರು ಇದ್ದರಂತೆ. ತಂಗಿ ಇಲ್ಲಿಗೆ ಯಾಕೆ ಕಳಿಸಿದಳು ಅಂತ ಸ್ವಲ್ಪ ಅರ್ಥವಾಯಿತು. ನಲವತ್ತು ವರ್ಷ ಯಾರೋ ಒಂದೇ ಜಾಗದಲ್ಲಿ ಬೇರು ಬಿಟ್ಟು ಕೂತರೆ ಇಷ್ಟಾಗುತ್ತದೆ.

ಮಧ್ಯಾಹ್ನ ಬೆಟ್ಟ ಇಳಿದು ಕೊಳ್ಳೇಗಾಲಕ್ಕೆ ಬಂದೆ, ಅಲ್ಲಿಂದ ಹನೂರು ದಾರಿ. ತಂಗಿಯ ಕ್ವಾರ್ಟರ್ಸ್ ತಲುಪಿದಾಗ ಕತ್ತಲಾಗಿತ್ತು. ಸೊಪ್ಪಿನ ಸಾರು, ಮುದ್ದೆ. ಊಟ ಮಾಡುತ್ತಲೇ ಅವಳು ಲೆಕ್ಕ ಹೇಳಿದಳು. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನಕ್ಕೆ. ಪ್ರಾಥಮಿಕ ಆರೋಗ್ಯ ಕೇಂದ್ರ ಅಲ್ಲಿ 30,000ಕ್ಕೆ, ಇಲ್ಲಿ 20,000ಕ್ಕೆ.

'ಚೆನ್ನಾಗಿದೆಯಲ್ಲ, ಬೆಟ್ಟಕ್ಕೆ ರಿಯಾಯಿತಿ ಕೊಟ್ಟಿದ್ದಾರೆ' ಅಂದೆ.

'ಕೊಟ್ಟಿದ್ದಾರಣ್ಣ. ಆದರೆ ತಲೆ ಎಣಿಸಿದ್ದಾರೆ, ಹೆಜ್ಜೆ ಎಣಿಸಿಲ್ಲ. ನಾಳೆ ನೀನು ಎಣಿಸು.'

ಗುರುವಾರ, ಡಿಸೆಂಬರ್ 19

ಕರ್ನಾಟಕದಲ್ಲಿ ಗುರುವಾರ ಅಂದರೆ ಲಸಿಕೆ ದಿನ. ಆರೂವರೆಗೆ ಆರೋಗ್ಯ ಕೇಂದ್ರದ ಕೋಲ್ಡ್ ಚೈನ್ ಕೋಣೆಯಲ್ಲಿ, ಅಂದರೆ ಲಸಿಕೆ ತಣ್ಣಗಿಡುವ ಕೋಣೆಯಲ್ಲಿದ್ದೆವು. ಮೇಜಿನ ಮೇಲೆ ನಾಲ್ಕು ಐಸ್ ಪ್ಯಾಕ್ ಬೆವರುತ್ತಾ ಬಿದ್ದಿದ್ದವು. ತಂಗಿ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಅಂಗಡಿಯಲ್ಲಿ ತೆಂಗಿನಕಾಯಿ ಆರಿಸುವ ಹಾಗೆ. ಮೂರನೆಯದನ್ನು ವಾಪಸ್ ಮೇಜಿನ ಮೇಲಿಟ್ಟಳು.

'ಒಳಗೆ ನೀರು ಅಲ್ಲಾಡೋ ಸದ್ದು ಬರಬೇಕು. ಇದು ಇನ್ನೂ ಗಟ್ಟಿ ಇದೆ.'

ಲಸಿಕೆಗೆ ಬಿಸಿಯಾದರೆ ಮಾತ್ರ ಅಪಾಯ ಅಂದುಕೊಂಡಿದ್ದೆ. ಹಾಗಲ್ಲ. 2ರಿಂದ 8 ಡಿಗ್ರಿ ಒಳಗಿರಬೇಕು. ಫ್ರೀಜರ್‌ನಿಂದ ತೆಗೆದ ಐಸ್ ಹಾಗೇ ಇಟ್ಟರೆ ಐದು ಕಾಯಿಲೆಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಕೆಟ್ಟದ್ದು ಕರಗಿದ ಮೇಲೆ ಸುಮ್ಮನೆ ನೋಡಿದರೆ ಒಳ್ಳೆಯದರ ಹಾಗೇ ಕಾಣುತ್ತದೆ. ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ತಿಳಿ ಬಣ್ಣದ ಚೌಕ. ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. ಚೌಕ ವೃತ್ತದ ಬಣ್ಣಕ್ಕೆ ಬಂದರೆ ಆ ಸೀಸೆ ಎಸೆಯಬೇಕು. ಶಾಖಕ್ಕೆ ಹೀಗೆ ಗುರುತುಂಟು. ತಣ್ಣಗೆ ಜಾಸ್ತಿಯಾದದ್ದಕ್ಕೆ ಅಲ್ಲಿ ಅವಳ ಕಿವಿಯೇ ಗುರುತು.

ಪೆಟ್ಟಿಗೆಯನ್ನು ನನ್ನ ಹೆಗಲಿಗೆ ಹಾಕಿದಳು. ಒಂದು ಹಳ್ಳದವರೆಗೆ ಜೀಪು. ಚೆಕ್‌ಪೋಸ್ಟ್‌ನಲ್ಲಿ ಅರಣ್ಯ ಇಲಾಖೆಯವರು ನನ್ನ ಹೆಸರು, ಕೆಲಸ ಎಲ್ಲ ಬರೆದುಕೊಂಡರು. ಇದು ಮಲೆ ಮಹದೇಶ್ವರ ವನ್ಯಧಾಮ, 2013ರಲ್ಲಿ ಘೋಷಣೆಯಾದದ್ದು. ಊರುಗಳು ಅದಕ್ಕಿಂತ ಎಷ್ಟೋ ಮೊದಲಿನವು. ಲಿಂಗಾಯತ ಬೇಡಗಂಪಣರು, ಸೋಲಿಗರು ಇರುವ ಊರುಗಳು. ನಾವು ಹೋಗುತ್ತಿದ್ದ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ತಂಗಿಗೆ ಮೇಲಿನಿಂದ ಫೋನ್ ಬರುತ್ತದೆ.

ಹಳ್ಳದ ಆಚೆ ಆಶಾ ಕಾರ್ಯಕರ್ತೆ ಕಾಯುತ್ತಿದ್ದಳು. ಪಿಂಕ್ ಸೀರೆ, ಹೆಗಲಿಗೆ ಮಗು ತೂಗುವ ಜೋಳಿಗೆ ತಕ್ಕಡಿ, ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ರಿಜಿಸ್ಟರ್. ಅಲ್ಲಿಂದ ಏಳು ಕಿಲೋಮೀಟರ್ ನಡಿಗೆ. ಹೆಜ್ಜೆ ಎಣಿಸಲು ಫೋನ್‌ನಲ್ಲಿ ಆ್ಯಪ್ ಹಾಕಿಕೊಂಡಿದ್ದೆ. ಎರಡನೇ ಏರಿನಲ್ಲಿ ಎಣಿಸುವ ಹುಮ್ಮಸ್ಸು ಹೋಯಿತು, ಉಸಿರು ಎಣಿಸುವುದೇ ಸಾಕಾಯಿತು. ಅವರಿಬ್ಬರೂ ಮಾತಾಡಿಕೊಂಡು ಮುಂದೆ ಹೋಗುತ್ತಿದ್ದರು.

ಇದೇ ಬೆಟ್ಟಸಾಲಿನ ಇಂಡಿಗನತ್ತದಲ್ಲಿ ಆ ವರ್ಷದ ಲೋಕಸಭೆ ಚುನಾವಣೆ ದಿನ, ಏಪ್ರಿಲ್ 26ರಂದು, ರಸ್ತೆ ಇಲ್ಲ, ನೀರಿಲ್ಲ ಅಂತ ಜನ ಮತದಾನ ಬಹಿಷ್ಕರಿಸಿದ್ದರು. ಗಲಾಟೆಯಾಗಿ ಮತಯಂತ್ರ ಪುಡಿಯಾಯಿತು, ಏಪ್ರಿಲ್ 29ಕ್ಕೆ ಮರುಮತದಾನ ನಡೆಯಿತು. ಪೇಪರ್‌ನಲ್ಲಿ ಓದಿದಾಗ 'ಏನು ಜನಾನಪ್ಪ' ಅಂದುಕೊಂಡಿದ್ದೆ. ಪೆಟ್ಟಿಗೆ ಹೊತ್ತು ಏರು ಹತ್ತುವಾಗ ಅಂದುಕೊಂಡದ್ದೇ ಬೇರೆ.

ಆಶಾ ದಣಿವಾರಿಸಿಕೊಳ್ಳಲು ನಿಂತಾಗ ಕೆಲಸದ ಬಗ್ಗೆ ಕೇಳಿದೆ. ಅವಳಿಗೆ ಸಂಬಳ ಅಂತ ಇಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ. ಬಾಣಂತಿ ಆಸ್ಪತ್ರೆಯಿಂದ ಬಂದ ಮೇಲೆ 42 ದಿನದೊಳಗೆ ಆರು ಸಲ ಮನೆಗೆ ಹೋಗಿ ಕೂಸಿನ ತೂಕ, ಜ್ವರ, ಉಸಿರಾಟ ನೋಡಬೇಕು. ಆರಕ್ಕೂ ಸೇರಿ 250 ರೂಪಾಯಿ. ಈ ಮನೆಭೇಟಿಯ ಪದ್ಧತಿ ಬಂದದ್ದು ಮಹಾರಾಷ್ಟ್ರದ ಗಡ್‌ಚಿರೋಲಿಯಿಂದ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಊರಿನ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ಆ ಊರುಗಳಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಕಡಿಮೆಯಾಯಿತು ಅಂತ 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಬಂತು. ಲೋಕವೇ ಮೆಚ್ಚಿದ ಆ ವಿದ್ಯೆ ಈಗ ನನ್ನ ಮುಂದೆ ಕಲ್ಲಿನ ಮೇಲೆ ಕೂತು ಕಾಲಿನ ಮುಳ್ಳು ಕೀಳುತ್ತಿತ್ತು.

'ಮುಂದಿನ ತಿಂಗಳು ಬೆಂಗಳೂರ್ಗ ಹೋಯ್ತೀವಿ ಸಾರ್, ಸ್ಟ್ರೈಕ್‌ಗ' ಅಂದಳು. ಹೋದರು. ಜನವರಿ 7ರಿಂದ ಫ್ರೀಡಂ ಪಾರ್ಕ್‌ನಲ್ಲಿ ಕೂತರು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುತ್ತೇವೆ ಅಂತ ಭರವಸೆ ಸಿಕ್ಕಿದ ಮೇಲೆ ಎದ್ದರು. ಟಿವಿಯಲ್ಲಿ ಆ ಪಿಂಕ್ ಸೀರೆಗಳ ಸಾಗರದಲ್ಲಿ ನಾನು ಅವಳನ್ನು ಹುಡುಕಿದೆ. ಸಿಗಲಿಲ್ಲ.

ಊರು ತಲುಪಿದಾಗ ಹತ್ತೂವರೆ. ಅರವತ್ತು ಮನೆ ಇರಬಹುದು. ಅಂಗನವಾಡಿ ಜಗುಲಿಯಲ್ಲಿ ಚಾಪೆ ಹಾಸಿದರು. ಪಟ್ಟಿಯಲ್ಲಿ ಹನ್ನೊಂದು ಮಕ್ಕಳ ಹೆಸರು. ಬಂದದ್ದು ಏಳು. ಮೂರು ಮಕ್ಕಳ ಅಪ್ಪ ಅಮ್ಮ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗಿದ್ದರು, ಮಕ್ಕಳನ್ನೂ ಕಟ್ಟಿಕೊಂಡು. ಇಲ್ಲಿನ ಪಟ್ಟಿಯಲ್ಲಿ ಹೆಸರಿದೆ, ಮಗು ಇಲ್ಲ. ಅಲ್ಲಿನ ಎಸ್ಟೇಟ್ ಲೈನ್ ಮನೆಯಲ್ಲಿ ಮಗು ಇದೆ, ಅಲ್ಲಿನ ಪಟ್ಟಿಯಲ್ಲಿ ಹೆಸರಿಲ್ಲ. ತಾಯಿ ಕಾರ್ಡ್ ತಗೊಂಡು ಹೋಗಿದ್ದಾರಾ ಅಂತ ತಂಗಿ ಮನೆಮನೆಗೆ ಹೋಗಿ ವಿಚಾರಿಸಿದಳು. ಇಬ್ಬರು ತಗೊಂಡು ಹೋಗಿದ್ದರು. ಒಂದು ಕಾರ್ಡು ಅಕ್ಕಿ ಡಬ್ಬದಲ್ಲಿ ಭದ್ರವಾಗಿತ್ತು.

ಹನ್ನೊಂದನೇ ಮಗುವನ್ನು ಅಜ್ಜಿ ಬಚ್ಚಿಟ್ಟಿದ್ದಳು. ಹೋದ ಸಲ ಸೂಜಿ ಹಾಕಿದ ರಾತ್ರಿ ಜ್ವರ ಬಂದಿತ್ತಂತೆ. ನಾನಾಗಿದ್ದರೆ ಭಾಷಣ ಶುರು ಮಾಡುತ್ತಿದ್ದೆ. ತಂಗಿ ಅವರ ಜಗುಲಿ ಮೇಲೆ ಕೂತು ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿಗೆ ಕೈ ಹಾಕಿದಳು. ಎರಡು ಹಿಡಿ ಬಿಡಿಸುವವರೆಗೆ ಲಸಿಕೆ ಮಾತೇ ಇಲ್ಲ. ಆಮೇಲೆ 'ಅವ್ವ, ಹೊಸ ಎತ್ತಿಗೆ ನೊಗ ಹಾಕಿದ ದಿನ ಏನು ಮಾಡುತ್ತೆ?' ಅಂದಳು. 'ಕುಣೀತದ' ಅಂದಳು ಅಜ್ಜಿ. 'ಮೈಯೂ ಹಂಗೇ. ಮೊದಲ ದಿನ ಕುಣಿಯುತ್ತೆ. ಅದೇ ಜ್ವರ.' ಅಜ್ಜಿ ಒಳಗೆ ಹೋಗಿ ಕೂಸನ್ನು ತಂದಳು. ಸೂಜಿ ಚುಚ್ಚಿದಾಗ ಮಗುವಿಗಿಂತ ಜೋರಾಗಿ ಅಜ್ಜಿ ಅತ್ತಳು.

ಅಂಗನವಾಡಿಯ ಸೂರಿನ ಕೆಳಗೆ ಉದ್ದದ ಬಿದಿರು ಗಳ ಸಿಕ್ಕಿಸಿದ್ದರು, ಅದಕ್ಕೊಂದು ಹಳೇ ಕಂಬಳಿ ಸುತ್ತಿತ್ತು. ಗಳದ ಎರಡೂ ತುದಿ ಕೈ ಆಡಿ ನುಣ್ಣಗಾಗಿತ್ತು. ಏನಿದು ಅಂದೆ.

'ಅದಾ ಬುದ್ಧಿ? ಅದು ನಮ್ಮ ನೂರೆಂಟು' ಅಂದ ಒಬ್ಬ.

ನೂರೆಂಟು ಅಂದರೆ 108. ಕರ್ನಾಟಕದಲ್ಲಿ 2008ರಿಂದ ಓಡುತ್ತಿರುವ ಆಂಬುಲೆನ್ಸ್. ಇಲ್ಲಿ ಅದು ಹಳ್ಳದವರೆಗೆ ಬರುತ್ತದೆ, ಕರೆ ಹೋದರೆ. ಕರೆ ಹೋಗಬೇಕಾದರೆ ಊರ ಹಿಂದಿನ ಬಂಡೆ ಹತ್ತಬೇಕು, ಅಲ್ಲಿ ಮಾತ್ರ ಸಿಗ್ನಲ್. ಒಬ್ಬ ಬಂಡೆ ಹತ್ತಿ ಫೋನ್ ಮಾಡುತ್ತಾನೆ. ಉಳಿದವರು ಕಂಬಳಿಯನ್ನು ಗಳಕ್ಕೆ ಜೋಳಿಗೆ ಕಟ್ಟಿ, ರೋಗಿಯನ್ನು ಅದರಲ್ಲಿ ಮಲಗಿಸಿ ಹೊರುತ್ತಾರೆ. ಡೋಲಿ. ಕನಿಷ್ಠ ಎಂಟು ಜನ ಬೇಕು, ಹೆಗಲು ಬದಲಾಯಿಸಲು. ಕೊಯ್ಲಿನ ಕಾಲದಲ್ಲಿ ಗಂಡಸರೆಲ್ಲ ಕೊಡಗಿನಲ್ಲಿದ್ದರೆ? 'ಆಗ ಹೆಂಗಸ್ರೂ ಹೊರ್ತಾರ' ಅಂದ. ಎರಡು ವರ್ಷದ ಹಿಂದೆ ಹಾವು ಕಚ್ಚಿದ ಒಬ್ಬನನ್ನು ಹೊತ್ತ ಕಥೆ ಹೇಳಿದರು. ಉಳಿದನಂತೆ. ಹೊತ್ತವರಲ್ಲಿ ಒಬ್ಬನ ಕಾಲು ಮುರಿಯಿತಂತೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಯಲ್ಲಿದೆ. ಹೊರುವವರ ಕಾಲು ಯಾವ ಪಟ್ಟಿಯಲ್ಲೂ ಇಲ್ಲ.

ಗಳದ ವಿಚಾರ ಯಾಕೆ ಬಂತು ಅಂದರೆ ಊರಿನಲ್ಲಿ ಎಂಟು ತಿಂಗಳ ಬಸುರಿ ಒಬ್ಬಳಿದ್ದಳು. ಹಿಮೋಗ್ಲೋಬಿನ್ ಕಡಿಮೆ. ತಂಗಿಯ ಪ್ಲಾನ್ ಇಷ್ಟೇ: ದಿನ ತುಂಬುವ ಮೊದಲೇ ಅವಳು ಬೆಟ್ಟ ಇಳಿದು ಹನೂರಿನ ಹತ್ತಿರದ ನೆಂಟರ ಮನೆಯಲ್ಲಿರಬೇಕು. ಅತ್ತೆ ಒಪ್ಪಲಿಲ್ಲ. 'ಬಳ್ಳಾರಿಲಿ ಡ್ರಿಪ್ ಹಾಕಿ ಬಾಣಂತೀರ್ನ ಸಾಯ್ಸುದ್ರಂತಲ್ಲ ಸಿಸ್ಟ್ರೇ' ಅಂದಳು. ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಕೊಟ್ಟ ಡ್ರಿಪ್ ಮೇಲೆ ಅನುಮಾನ ಬಂದು ರಾಜ್ಯವೆಲ್ಲ ಅದೇ ಮಾತು. ಫೋನ್ ಸಿಗ್ನಲ್ ಸಿಗದ ಊರಿಗೂ ಆ ಸುದ್ದಿ ಬಂದು ತಲುಪಿತ್ತು.

ತಂಗಿ ಸುಳ್ಳು ಹೇಳಲಿಲ್ಲ. 'ಹೌದು, ಸತ್ತರು. ಅದು ತಪ್ಪೇ' ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆ ಡ್ರಿಪ್ ನಿಲ್ಲಿಸಿದ್ದಾರೆ. ಇವಳಿಗೆ ರಕ್ತ ಕಮ್ಮಿ ಇದೆ ಅವ್ವ. ಇಲ್ಲಿ ಹೆತ್ತು ರಕ್ತ ಹೋದ್ರೆ ಹಳ್ಳದವರೆಗೆ ಹೊರೋ ಅಷ್ಟು ಹೊತ್ತು ಇರಲ್ಲ' ಅಂದಳು. ಬಸುರಿ ತಲೆ ತಗ್ಗಿಸಿ ಕೂತಿದ್ದಳು. ಗಂಡ ಬಾಗಿಲಲ್ಲಿ ನಿಂತಿದ್ದ. ತೀರ್ಮಾನ ಆಗಲಿಲ್ಲ. 'ರಾಗಿ ಒಕ್ಕಣೆ ಮುಗೀಲಿ' ಅನ್ನುವಲ್ಲಿಗೆ ಮಾತು ನಿಂತಿತು. ವಾಪಸ್ ಹೊರಡುವಾಗ ಆ ಗಂಡ ಅಂಗನವಾಡಿ ಸೂರಿನಿಂದ ಗಳ ಇಳಿಸಿ, ಮಧ್ಯಕ್ಕೆ ಮಂಡಿ ಊರಿ ಬಾಗಿಸಿ ನೋಡುತ್ತಿದ್ದ.

ಕೊನೆಯಲ್ಲಿ ಒಬ್ಬ ತಾತ ಬಂದ. ಬಿಪಿ. ತಂಗಿ ಪಟ್ಟಿ ಕಟ್ಟಿ ನೋಡಿ ಮುಖ ಗಂಟಿಕ್ಕಿದಳು. 'ತಾತ, ಮಾತ್ರೆ ದಿನಾ ತಗೊಳ್ತಿದ್ಯಾ?' 'ದಿನಾ ತಕ್ಕೊತೀನಿ ಕವ್ವ.' 'ಎಲ್ಲಿ, ತೋರಿಸು.' ತಾತ ಪಂಚೆ ಗಂಟು ಬಿಚ್ಚಿದ. ಹಾಳೆಯಲ್ಲಿ ಎರಡು ಮಾತ್ರೆ, ಒಂದು ಬೀಡಿ ಕಾಗದದಲ್ಲಿ ನಾಲ್ಕು ಅರ್ಧ ಚೂರು. ಅಡಿಕೆ ಕತ್ತರಿಯಲ್ಲಿ ಕತ್ತರಿಸಿದ್ದ. ಅಂಚು ಪುಡಿಯಾಗಿತ್ತು. ಕೊಟ್ಟ ಮೂವತ್ತು ಮಾತ್ರೆ ಅರವತ್ತು ದಿನ ಬರಲಿ ಅಂತ. ತಂಗಿ ಬೈದಳು. ಅವತ್ತು ಅವಳು ಬೈದದ್ದು ಅವನೊಬ್ಬನನ್ನೇ. ಬ್ಯಾಗಿನಲ್ಲಿದ್ದ ಐದು ಮಾತ್ರೆ ಕೊಟ್ಟು, 'ನಾಳೆ ಜೀಪಿಗೆ ಬಾ, ಆಸ್ಪತ್ರೇಲಿ ಮೂವತ್ತು ಕೊಡಿಸ್ತೀನಿ. ಅರ್ಧ ಮಾಡಬಾರದು, ತಿಳೀತಾ?' ಅಂದಳು. ತಾತ ತಲೆ ಆಡಿಸಿದ.

ಮೂರು ಗಂಟೆಗೆ ಹೊರಟೆವು. ಸಂಜೆಯಾದರೆ ಆನೆ. ಇಳಿಯುವಾಗ ಪೆಟ್ಟಿಗೆ ಹಗುರ ಇರಬೇಕಿತ್ತು, ಮೊಣಕಾಲಿಗೆ ಹಾಗೆ ಅನ್ನಿಸಲಿಲ್ಲ. 1978ರ ಸೆಪ್ಟೆಂಬರ್‌ನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾ ನಗರದಲ್ಲಿ 134 ದೇಶಗಳು ಸೇರಿ, ಜನ ಬದುಕುವ, ದುಡಿಯುವ ಜಾಗಕ್ಕೆ ಆದಷ್ಟೂ ಹತ್ತಿರ ಆರೋಗ್ಯ ಸೇವೆ ಬರಬೇಕು ಅಂತ ಬರೆದುಕೊಂಡವು. ಆದಷ್ಟೂ ಹತ್ತಿರ ಅಂದರೆ ಎಷ್ಟು ಅಂತ ಆಶಾಳ ಚಪ್ಪಲಿಯ ಹಿಮ್ಮಡಿ ನೋಡಿಕೊಂಡು ಇಳಿದೆ. ಚಪ್ಪಲಿ ಬಾರನ್ನು ತಂತಿಯಲ್ಲಿ ಹೊಲಿದಿದ್ದಳು.

ಶುಕ್ರವಾರ, ಡಿಸೆಂಬರ್ 20

ಮೈಕೈ ನೋವು. ಒಂಬತ್ತೂವರೆಗೆ ಆರೋಗ್ಯ ಕೇಂದ್ರದ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆ. ಹೊಸದಾಗಿ ಬಣ್ಣ ಹೊಡೆದ ಗೋಡೆ. ಡಾಕ್ಟರ್ ಮೀಟಿಂಗ್‌ಗೆ ಹೋಗಿದ್ದರು, ಮಧ್ಯಾಹ್ನದ ಮೇಲೆ ಬರುತ್ತಾರಂತೆ. ಇಪ್ಪತ್ತು ಜನ ಕಾಯುತ್ತಿದ್ದರು, ಯಾರೂ ಗೊಣಗುತ್ತಿರಲಿಲ್ಲ. ಆ ಗೊಣಗದಿರುವುದು ನೋಡಿ ನನಗೇ ಸಿಟ್ಟು ಬಂತು.

ತಾತ ಬಂದಿದ್ದ. ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟು, ನೆಂಟರ ಮನೆಗೆ ಬಂದ ಹಾಗೆ. ತಂಗಿ ಒಳಗೆ ತಿಂಗಳ ವರದಿ ತುಂಬುತ್ತಿದ್ದಳು. ಔಷಧಿ ಕಿಟಕಿಯಲ್ಲಿ ಅವನ ಚೀಟಿ ನೋಡಿ ಹತ್ತು ಮಾತ್ರೆ ಕೊಟ್ಟರು. ಸ್ಟಾಕ್ ಕಡಿಮೆ ಬಂದಿದೆ, ಎಲ್ಲರಿಗೂ ಹಂಚಬೇಕು, ಇಂಡೆಂಟ್ ಹಾಕಿದ್ದೇವೆ, ಮುಂದಿನ ವಾರ ಬನ್ನಿ ಅಂದರು. ಕಿಟಕಿಯ ಹುಡುಗನದೂ ತಪ್ಪಿಲ್ಲ. ಅವನ ಹಿಂದಿನ ಕಪಾಟು ನನಗೂ ಕಾಣುತ್ತಿತ್ತು.

ಹತ್ತೂವರೆಗೆ ನನ್ನ ಬಸ್ಸು ಇತ್ತು. ಬರಲಿಲ್ಲ. ಅವತ್ತೇ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ಶುರು, ಬಸ್ಸುಗಳು ಆ ಕಡೆ ಹೋಗಿವೆ ಅಂತ ಯಾರೋ ಅಂದರು. ತಾತನ ಜೀಪು ಹೊರಡುವುದು ಸಂಜೆ ನಾಲ್ಕಕ್ಕೆ. ಇಬ್ಬರೂ ಹೋಟೆಲ್ ಮುಂದೆ ಟೀ ಕುಡಿದೆವು. ಸುಮ್ಮನಿರಲಾರದೆ ಲೆಕ್ಕ ಕೇಳಿದೆ. ಜೀಪಿಗೆ ಹೋಗಲು ನೂರು, ಬರಲು ನೂರು. ಅವತ್ತಿನ ನರೇಗಾ ಕೂಲಿ 349 ರೂಪಾಯಿ ಹೋಯಿತು. ಒಟ್ಟು 549. ಮೆಡಿಕಲ್ ಶಾಪ್‌ನಲ್ಲಿ ಎರಡು ಟೀ ಕಾಸಿಗೆ ಸಿಗುವ ಮಾತ್ರೆ, ಸರ್ಕಾರ ಅದನ್ನೂ ಫ್ರೀ ಕೊಟ್ಟಿದೆ. ಯುಗಾದಿ ದಿನ ನಾನು ಆಡಿದ ಮಾತು ನೆನಪಾಗಿ ಟೀ ಗಂಟಲಲ್ಲೇ ನಿಂತಿತು.

ರಸ್ತೆ ಪಕ್ಕದ ಮೆಡಿಕಲ್‌ನಲ್ಲಿ ಇನ್ನೆರಡು ಹಾಳೆ ಕೊಡಿಸುತ್ತೇನೆ ಅಂತ ಎದ್ದೆ. ಅಂಗಡಿ ಬಾಗಿಲು ಹಾಕಿತ್ತು. ಮಾಲೀಕ ಯಾರದೋ ಮದುವೆಗೆ ಹೋಗಿದ್ದ.

ತಾತ ಹತ್ತು ಮಾತ್ರೆಯ ಹಾಳೆಯನ್ನು ಬಿಸಿಲಿಗೆ ಹಿಡಿದು ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ಎಣಿಸಿದ. ಮಡಚಿ ಪಂಚೆ ಗಂಟಿಗೆ ಸೇರಿಸಿದ. ಆಮೇಲೆ ಆಸ್ಪತ್ರೆ ಬಾಗಿಲ ಕಡೆ ಒಮ್ಮೆ ನೋಡಿದ, ನರ್ಸಮ್ಮ ಎಲ್ಲಾದರೂ ನಿಂತಿದ್ದಾಳಾ ಅಂತ. ಇಲ್ಲ ಅಂತ ಖಾತ್ರಿಯಾದ ಮೇಲೆ ನನ್ನ ಹತ್ತಿರ ಬಗ್ಗಿ, ದನಿ ತಗ್ಗಿಸಿ ಅಂದ:

'ಹತ್ತಾದ್ರೇನ್ ಬುದ್ಧಿ, ಅರ್ಧ ಮಾಡ್ಕಂಡ್ರ ಇಪ್ಪತ್ ದಿನ ಆಯ್ತದ.'